ಅದೊಂದು ಸಲ ಗ್ಯಾಸಾಗಿರಲಿಲ್ಲ

ತಿಪಟೂರಿನಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದ ನರ್ಸಿಂಗ್ ಹೋಮಿನ ಡಾಕ್ಟರಿಗೆ ಹೊಟ್ಟೆನೋವೆಂದರೆ ಒಂದೇ ಕಾಯಿಲೆ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೂ ನೋಡುವ ಮೊದಲೇ, "ಗ್ಯಾಸು ಕಣ್ರೀ. ಕಾಫಿ ಬಿಡಿ, ಎಳನೀರು ಕುಡೀರಿ" ಎನ್ನುತ್ತಿದ್ದರು. ತೆಂಗಿನ ಸೀಮೆಯವರಿಗೆ ಎಳನೀರು ಕುಡಿಯಲು ಹೇಳುವುದಕ್ಕೆ ಅವರು ಎಂಬಿಬಿಎಸ್ ಓದಿದ್ದರು.

ಒಂದು ದಿನ ಹುಳಿಯಾರಿನ ಕಡೆಯ ಹಳೇ ಪೇಷೆಂಟ್, ಕುರಿ ಸಾಕುವವನು, ಗುಡಾಣದಂತೆ ಉಬ್ಬಿದ ಹೊಟ್ಟೆ ಹಿಡಿದುಕೊಂಡು ಬಂದ. ಫಿಲ್ಮ್ ಎತ್ತಿದ ಡಾಕ್ಟರು ಬಾಯಿ ತೆರೆದವರು ಹಾಗೇ ಮುಚ್ಚಿದರು. ಊದಿದ ಕರುಳು ನಡುವೆ ಗೆರೆಯೆಳೆದಂತೆ ಮಡಿಚಿಕೊಂಡು ಹೊಟ್ಟೆಯನ್ನೆಲ್ಲ ತುಂಬಿತ್ತು.

"ಕರುಳು ತಿರುಚಿಕೊಂಡಿದೆ ಕಣಪ್ಪ. ನೋಡು, ಕಾಫಿ ಬೀಜದ ಥರ ಕಾಣ್ತಿದೆ. ಈಗ್ಲೇ ತುಮಕೂರಲ್ಲಿ ಆಪರೇಷನ್ ಆಗ್ಬೇಕು, ಇಲ್ಲಾಂದ್ರೆ ನೀನು ಉಳಿಯಲ್ಲ."

"ಕಾಫಿ ನೀವೇ ಬುಡ್ಸಿದ್ರಲ್ಲ ಸಾ. ಗ್ಯಾಸಿರ್ಬೇಕು ಬುಡಿ, ಎಳನೀರು ಕುಡೀತೀನಿ" ಎಂದು ಅವನು ನರಳುತ್ತಲೇ ಮೇಲೆದ್ದ.

ಡಾಕ್ಟರು ಅವನ ಕೈ ಹಿಡಿದು ಬೇಡಿಕೊಂಡರು. ಅದೂ ಸಾಗದೆ, ತಮ್ಮ ಕಾರಿಗೇ ಹತ್ತಿಸಿಕೊಂಡು ತುಮಕೂರಿಗೆ ಓಡಿಸಿದರು.

ಬದುಕಿ ಬಂದವನು ನಮ್ಮ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆಲ್ಲ ಅಂಗಿ ಎತ್ತಿ ಹೊಲಿಗೆ ತೋರಿಸಿದ.

"ಏನಿಲ್ಲ ಕಣ್ರಪ್ಪ, ಗ್ಯಾಸು. ಈ ಸಲ ಕುಯ್ದು ತೆಗುದ್ರು."