ಇಲಿಗಳ ಖುಷಿ, ನನ್ನ ಹೊಟ್ಟೆಯುರಿ

ಬೀದರಿನ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ ಇಲಿಗಳ ಖುಷಿ ಅಳೆಯುವುದು. ಖುಷಿಯಲ್ಲ, ಮಿದುಳಿನ ಡೋಪಮೈನ್ ಎಂದು ನಮ್ಮ ಸರ್ ತಿದ್ದುತ್ತಾರೆ. ಇರಲಿ. ಬೀಪ್ ಎಂದು ಸದ್ದಾಗುತ್ತದೆ, ಆಮೇಲೆ ನಳಿಕೆಯಿಂದ ಒಂದು ಹನಿ ಸಕ್ಕರೆ ನೀರು. ಹೊಸ ಇಲಿಯಾದರೆ ಹನಿ ನಾಲಿಗೆಗೆ ತಾಗಿದಾಗ ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಕಲಿತ ಇಲಿಯಲ್ಲಿ ಅದು ಬೀಪಿಗೇ ಜಿಗಿದುಬಿಡುತ್ತದೆ. ಹನಿ ಬಂದಾಗ ಗೆರೆ ತಣ್ಣಗೆ ಮಲಗಿರುತ್ತದೆ. ಗೊತ್ತಿದ್ದದ್ದೇ ಬಂತಲ್ಲ, ಅದರಲ್ಲೇನು ವಿಶೇಷ?

ಆ ಮಲಗಿದ ಗೆರೆ ಕಂಡಾಗಲೆಲ್ಲ ನನ್ನ ಹಣೆಬರಹವೇ ಕಂಡ ಹಾಗಾಗುತ್ತಿತ್ತು. ಪ್ರತಿ ಶನಿವಾರ ಸಂಜೆಯ ರೈಲಿಗೆ ಭಾಲ್ಕಿಗೆ ಹೋಗುವವಳು ನಾನು. ಅವ್ವನ ಗುಳಿಗೆ ಒಯ್ಯುವವಳು ನಾನು. ಅವ್ವ ಮಾತ್ರ ಹೊಲಿಗೆ ಮಷೀನಿನಿಂದ ತಲೆಯನ್ನೂ ಎತ್ತದೆ, “ಬಂದೀ? ಚಾ ಅದ ನೋಡು ಒಲಿ ಮ್ಯಾಲ” ಅನ್ನುತ್ತಿದ್ದಳು. ಔರಾದಿಗೆ ಕೊಟ್ಟ ನನ್ನ ತಂಗಿ ಎಂದೋ ಒಮ್ಮೆ, ಹೇಳದೆ ಕೇಳದೆ, ಬರಿಗೈಲಿ ಬಂದಿಳಿದರೆ ಮಷೀನು ಗಕ್ಕನೆ ನಿಲ್ಲುತ್ತಿತ್ತು. “ಅಯ್ಯ ನನ್ನವ್ವಾ, ಎಷ್ಟ್ ಸೊರಗೀಯಲ್ಲ!” ಸೊರಗಿದ್ದಳಂತೆ! ಗುಂಡುಗುಂಡಗಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಶನಿವಾರ ಇಲಿಯೊಂದು ಹಟ ಹಿಡಿದು ನನ್ನ ರೈಲು ತಪ್ಪಿತು. ಫೋನಿನ ಚಾರ್ಜೂ ಮುಗಿದಿತ್ತು. ಬಸ್ಸಿನಲ್ಲಿ ಭಾಲ್ಕಿ ಮುಟ್ಟಿದರೆ ತಂಗಿ ಮೊದಲೇ ಬಂದಿದ್ದಳು. ಬಾಗಿಲಲ್ಲೇ ಜಗಳಕ್ಕೆ ನಿಂತಳು.

“ರೈಲಿನ ಸೀಟಿ ಕೇಳಿದ ಕೂಡ್ಲೆ ಅವ್ವ ಮಷೀನ್ ಬಿಟ್ಟು ಎದ್ದಳು ನೋಡು. ಮಾರಿ ಮ್ಯಾಲ ಏನ್ ಕಳಿ! ಚಾಕ್ಕ ಇಟ್ಟು, ಮತ್ತ ಏನೂ ಗೊತ್ತಿಲ್ಲದಂಗ ಮಷೀನಿಗೆ ಕುಂತಳು. ಪ್ರತಿ ಶನಿವಾರ ಹಿಂಗೇ ಅಂತ, ಬಾಜು ಮನಿ ಕಾಕು ಹೇಳಿದ್ರು. ನೀ ಬರಲಿಲ್ಲ. ಆಗಿಂದ ನನ್ನ ಕೂಡ ಒಂದ್ ಮಾತಿಲ್ಲ. ನಾ ಏನ್ ಬ್ಯಾರೆಯವರ ಮಗಳಾ?”

ಸೀಟಿ! ಬೀಪಿಗೆ ಜಿಗಿಯುವ ಗೆರೆಯನ್ನು ದಿನಾ ನೋಡುವವಳು ನಾನೇ. ಬೀಪಾಗಿ ಹನಿ ಬಾರದಿದ್ದರೆ ಅದೇ ಗೆರೆ ಕುಸಿಯುವುದನ್ನು ನೋಡುವವಳೂ ನಾನೇ. ಸ್ಟೇಷನ್ನಿನಿಂದ ನಾನು ಮನೆ ಮುಟ್ಟುವುದರೊಳಗೆ ಅವ್ವನ ಖುಷಿ ಆಗಿಹೋಗಿರುತ್ತಿತ್ತು. ಅದನ್ನು ಕಣ್ಣಾರೆ ನೋಡುವ ಭಾಗ್ಯವೂ ತಂಗಿಗೇ ಬಂತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಒಳಗೆ ಹೋದೆ. ಅವ್ವ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದಳು. ಅರ್ಧ ಹೊಲಿದ ಕುಪ್ಪಸ ಸೂಜಿಯ ಕೆಳಗೇ ಇತ್ತು. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದಳು.

“ಎಲ್ಲಿ ಹಾಳಾಗಿ ಹೋಗಿದ್ದಿ? ಚಾ ಎಲ್ಲ ಆರಿ ಹೋತು!”

ಬೈಯುವಾಗ ಅವಳ ಮುಖ ಬೆಳಗಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಕಂಡವಳೇ ಹೊರಳಿದೆ, ತಂಗಿ ನೋಡುತ್ತಿದ್ದಾಳೋ ಇಲ್ಲವೋ ಎಂದು.