ತೊಟ್ಟಿಲು ಗುಂಡಿಯಲ್ಲಿ ಅರ್ಧ ಹಲ್ಲು

ಬೆಳಗಿನ ಆರೂ ಇಪ್ಪತ್ತು. ಮಲ್ಲಂದೂರಿನ ಈ ಜಗಲಿಗೆ ಬಿಸಿಲು ಇನ್ನೂ ಬಂದಿಲ್ಲ, ಬೆಳಕು ಮಾತ್ರ ಬಂದಿದೆ. ಪ್ರೇಮಕುಮಾರಿಯವರಿಗೆ ಬೇಕಾದದ್ದೂ ಅಷ್ಟೇ. ಬಿಸಿಲು ಬಿದ್ದರೆ ಕಣಗಳೆಲ್ಲ ಒಂದೇ ಸಮನೆ ಹೊಳೆದು ಅವರ ಎಡಗಣ್ಣು ಸೋಲುತ್ತದೆ. ಬಲಗಣ್ಣು ಸೋತು ಎರಡು ವರ್ಷವಾಯಿತು. ಮುಂದೆ ಬಿಳಿ ಪಿಂಗಾಣಿ ತಟ್ಟೆ. ಅದರಲ್ಲಿ ತೊಳೆದು ಜರಡಿ ಹಿಡಿದ ಮಣ್ಣಿನ ಕಾಳು, ಒಂದೇ ಒಂದು ಚಮಚ. ಚಿತ್ರ ಬರೆಯುವ ಸಣ್ಣ ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಒಂದು ಕರಿ ಚುಕ್ಕೆ ಮುಟ್ಟುತ್ತಾರೆ. ಅದು ಕುಂಚಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಭೂತಗನ್ನಡಿ ಹಿಡಿದು ತಿರುಗಿಸಿ ನೋಡುತ್ತಾರೆ.

"ಇದಲ್ಲ" ಎನ್ನುತ್ತಾರೆ. ಪಕ್ಕಕ್ಕಿಟ್ಟು ಮುಂದಿನದನ್ನು ಮುಟ್ಟುತ್ತಾರೆ.

ಐವತ್ತಾರು ವರ್ಷದ ಈ ಹೆಂಗಸು ಹುಡುಕುತ್ತಿರುವುದು ರಾಗಿಕಾಳಿಗಿಂತ ಚಿಕ್ಕದಾದ ಒಂದು ಹಲ್ಲಿನ ಅರ್ಧ ಭಾಗ. ಆರೂವರೆ ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಕಾಲ ಮುಗಿಯುತ್ತಿದ್ದಾಗ ಕೆರೆಯ ದಡದಲ್ಲಿ ಸತ್ತ ಯಾವುದೋ ಇಲಿಯಷ್ಟು ಗಾತ್ರದ ಪ್ರಾಣಿಯ ಹಲ್ಲು. ಅದನ್ನು ಹನ್ನೆರಡು ವರ್ಷಗಳ ಹಿಂದೆ ಕಸವೆಂದು ಎಸೆದವರು ಬೇರೆ ಯಾರೂ ಅಲ್ಲ, ಇವರೇ.

ಈ ಬೆಟ್ಟಗಳ ಕಲ್ಲಿನಲ್ಲಿ ಅಂಥ ಹಲ್ಲು ಹುಟ್ಟುವುದಿಲ್ಲ. ಇಲ್ಲಿನ ಕಲ್ಲು ಪ್ರಾಣಿಗಳೇ ಇಲ್ಲದ ಕಾಲದ್ದು. ಹಲ್ಲು ಬಂದದ್ದು ಕಲಬುರಗಿಯ ಆಚೆಯಿಂದ, ಗೋಣಿಚೀಲದಲ್ಲಿ. ಅಲ್ಲೊಬ್ಬರು ಬಾವಿ ತೋಡುವಾಗ ಎರಡು ಲಾವಾ ಪದರಗಳ ನಡುವೆ ಹಳೆಯ ಕೆರೆಯ ಕೆಸರು ಸಿಕ್ಕಿತು. ಚಿಕ್ಕಮಗಳೂರಿನ ನಿವೃತ್ತ ಭೂವಿಜ್ಞಾನ ಮೇಷ್ಟ್ರು ಚಂದ್ರಶೇಖರಪ್ಪನವರು ಓಡಿಹೋಗಿ, ಬಾವಿಗೆ ಕಲ್ಲು ಕಟ್ಟುವ ಮೊದಲು ನಲವತ್ತು ಚೀಲ ತುಂಬಿಸಿಕೊಂಡು ಲಾರಿಯಲ್ಲಿ ತಂದರು. ಆಮೇಲೆ ಬಾವಿಯ ಗೋಡೆ ಎದ್ದಿತು. ಆ ಕೆಸರು ಮತ್ತೆ ಸಿಗುವಂತಿಲ್ಲ.

ಮಣ್ಣು ಬಂತು, ಆರಿಸುವವರು ಬೇಕಲ್ಲ? ಅದೇ ವರ್ಷ ಪ್ರೇಮಕುಮಾರಿಯವರ ಕೆಲಸ ಹೋಗಿತ್ತು. ಹತ್ತೊಂಬತ್ತು ವರ್ಷ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ನೆಲದ ಮೇಲೆ ಕೂತು ಕಾಫಿಬೀಜ ಆರಿಸಿದವರು. ಒಳ್ಳೆ ಬೀಜದ ರಾಶಿಯಿಂದ ಕರಿಬೀಜ, ಒಡಕಲು, ಹುಳ ತಿಂದದ್ದು ತೆಗೆದು ಎಸೆಯುವ ಕೆಲಸ. ಬಣ್ಣ ನೋಡಿ ಬೀಜ ಬೇರ್ಪಡಿಸುವ ಮೆಷಿನ್ ಬಂದ ವಾರವೇ ಅರವತ್ತನಾಲ್ಕು ಹೆಂಗಸರನ್ನು ಮನೆಗೆ ಕಳಿಸಿದರು. "ಮೇಷ್ಟ್ರು ಹುಡುಕ್ಕೊಂಡು ಬಂದ್ರು. ನಂಗೆ ಓದಿದೋರು ಬೇಡ ಕಣಮ್ಮ, ಕಣ್ಣಿರೋರು ಬೇಕು ಅಂದ್ರು. ನಂಗೆಷ್ಟು ಖುಷಿಯಾಯ್ತು ಗೊತ್ತಾ?" ಎನ್ನುತ್ತಾರೆ.

ಮನೆಯ ಹಿಂದೆ ಗುಡ್ಡದಿಂದ ಪೈಪಿನಲ್ಲಿ ನೀರು ಬರುತ್ತದೆ. ಮಣ್ಣು ನೆನೆಸುವುದು, ಮೂರು ಜರಡಿಯಲ್ಲಿ ತೊಳೆಯುವುದು, ಒಣಗಿಸುವುದು, ಆರಿಸುವುದು. ಮೂರು ತಿಂಗಳಲ್ಲಿ ನಾಲ್ಕು ಚೀಲ ಮುಗಿಯಿತು. ಮೇಷ್ಟ್ರು ಬಂದು ಆರಿಸಿಟ್ಟದ್ದನ್ನು ನೋಡಿದರು. ಮಾಸಲು ಬಿಳಿ ಚಿಪ್ಪುಗಳು, ಬೂದು ಕಾಳುಗಳು, ಎಲ್ಲ ಅಚ್ಚುಕಟ್ಟು. ಕಪ್ಪು ಎಂಬುದು ಒಂದು ಕಾಳೂ ಇಲ್ಲ.

"ಕರೀದೆಲ್ಲ ಎಲ್ಲಮ್ಮ?" ಎಂದರಂತೆ.

"ಆರಿಸಿ ಎಸೆದೆ ಸಾರ್" ಎಂದರಂತೆ ಇವರು, ಶಹಬ್ಬಾಸ್ ಎನ್ನಿಸಿಕೊಳ್ಳುವ ಆಸೆಯಿಂದ.

ಆ ಕೆಸರಿನಲ್ಲಿ ಮೀನಿನ ಹಲ್ಲು, ಮೊಸಳೆಯ ಹಲ್ಲು ಎಲ್ಲ ಹೊಳೆಯುವ ಕಪ್ಪು. ಹತ್ತೊಂಬತ್ತು ವರ್ಷ ಕಪ್ಪು ಕಂಡಲ್ಲಿ ಕಿತ್ತೆಸೆದ ಬೆರಳುಗಳು ಅದನ್ನೇ ಮಾಡಿದ್ದವು. ಇದರಲ್ಲಿ ಆ ಬೆರಳುಗಳ ತಪ್ಪೇನು? ಯಾವುದನ್ನು ಇಟ್ಟುಕೊಳ್ಳಬೇಕೆಂದು ಹೇಳದೆ ಹೋದ ಮೇಷ್ಟ್ರದ್ದೇ ತಪ್ಪು ಎಂದು ಇದನ್ನು ಕೇಳಿದ ಯಾರಿಗಾದರೂ ಅನ್ನಿಸುತ್ತದೆ. ಇವರಿಗೆ ಮಾತ್ರ ಇವತ್ತಿಗೂ ಅನ್ನಿಸಿಲ್ಲ. "ಅವ್ರು ಮೆಟ್ಟಿಲ ಮೇಲೆ ಕೂತ್ಕಂಡ್ರು. ನೀರು ಕೊಡಮ್ಮ ಅಂದ್ರು. ಹೋಗ್ಲಿ ಬಿಡು, ಇನ್ನೂ ಮೂವತ್ತಾರು ಚೀಲ ಇದೆ ಅಂದ್ರು. ಬೈದಿದ್ರೆ ಒಳ್ಳೇದಿತ್ತು" ಎಂದು ತಲೆ ತಗ್ಗಿಸುತ್ತಾರೆ.

ಉಳಿದ ಮೂವತ್ತಾರು ಚೀಲದಲ್ಲಿ ಒಂದು ಕರಿಕಾಳೂ ತಪ್ಪಲಿಲ್ಲ. ಒಂದೊಂದು ಕಾಳನ್ನೂ ಭೂತಗನ್ನಡಿಯಲ್ಲಿ ನೋಡುತ್ತ ಎಂಟು ವರ್ಷ ದುಡಿದು ಎರಡು ಸಾವಿರಕ್ಕೂ ಹೆಚ್ಚು ಹಲ್ಲು ಆರಿಸಿಕೊಟ್ಟರು. ಎರಡು ವರ್ಷಗಳ ಹಿಂದೆ ಮೇಷ್ಟ್ರು ತೀರಿಕೊಂಡರು. ಸಂಗ್ರಹವೆಲ್ಲ ಅವರ ಶಿಷ್ಯೆ, ಸಂಶೋಧಕಿ ಅರ್ಚನಾ ಅವರ ಕೈ ಸೇರಿತು. ಮೊದಲ ನಾಲ್ಕು ಚೀಲದಿಂದ ಆರಿಸಿಟ್ಟ ಕಾಳುಗಳ ಗಾಜಿನ ನಳಿಕೆಯೊಂದರಲ್ಲಿ ಒಂದು ಮಾಸಲು ಬಿಳಿ ಚೂರು ಇತ್ತು. ಅರ್ಚನಾ ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಗೊತ್ತಾಯಿತು, ಅದು ಸಸ್ತನಿಯೊಂದರ ಹಲ್ಲಿನ ಬೇರು. ನಲವತ್ತು ಚೀಲಕ್ಕೆ ಸಿಕ್ಕ ಅಂಥ ಒಂದೇ ಹಲ್ಲು. ಮುರಿದ ಅಂಚು ಹೊಸದು, ಅಂದರೆ ಮುರಿದದ್ದು ಜರಡಿಯಲ್ಲೇ. ಪ್ರಾಣಿ ಯಾವುದೆಂದು ಹೇಳಬಲ್ಲದ್ದು ಹಲ್ಲಿನ ನೆತ್ತಿ, ಅಂದರೆ ಅಗಿಯುವ ಮೇಲ್ಭಾಗ. ಉಳಿದ ಹಲ್ಲುಗಳಂತೆ ಆ ನೆತ್ತಿಯೂ ಕಪ್ಪಗಿದ್ದಿರಬೇಕು.

ಬೇರು ಬಿಳಿಯಾದ್ದರಿಂದ ಇಟ್ಟುಕೊಂಡರು. ನೆತ್ತಿಯನ್ನು ಎಸೆದರು.

ಎಸೆದದ್ದು ಹಿತ್ತಲ ಕಾಫಿಗಿಡಗಳ ಬುಡಕ್ಕೆ. ಅಷ್ಟೊಂದು ಮಳೆಗಾಲದಲ್ಲಿ ಅದು ಅಲ್ಲೇ ನಿಂತೀತೇ? ಆದರೆ ಇಳಿಜಾರಿನ ಸಾಲುಗಳ ನಡುವೆ, ಹರಿದುಹೋಗುವ ಮಣ್ಣು ತಡೆಯಲು ತೋಡಿದ ತೊಟ್ಟಿಲು ಗುಂಡಿಗಳಿದ್ದವು. ಸುದ್ದಿ ತಿಳಿದ ಮರುದಿನವೇ ಪ್ರೇಮಕುಮಾರಿ ಗುದ್ದಲಿ ಹಿಡಿದರು. ಗುಂಡಿಗಳ ಹೂಳು, ಹನ್ನೊಂದು ಗಿಡಗಳ ಬೇರು ಬಿಡಿಸಿ ತೆಗೆದ ಬುಡದ ಮಣ್ಣು, ಒಟ್ಟು ಹನ್ನೆರಡು ಚೀಲ. ಊರಿನಲ್ಲಿ ನಿಧಿ ಸಿಕ್ಕಿದೆಯೆಂದು ಪುಕಾರು ಎದ್ದಿತು. ಗಂಡ ದೇವರಾಜ ಅವರ ಸಂಕಟ ಬೇರೆ. "ಫಸಲು ಬರೋ ಗಿಡ ಮಾರಾಯ್ರೆ! ಹೂ ಬಿಟ್ಟಿತ್ತು. ಎಂತ ಹೇಳೋದು ಇವ್ಳಿಗೆ?" ಎನ್ನುತ್ತಲೇ ಅವರು ಇನ್ನೊಂದು ಕೊಡ ನೀರು ತಂದು ಜರಡಿಯ ಪಕ್ಕ ಇಡುತ್ತಿದ್ದರು.

ಒಂದು ಚೀಲ ತೊಳೆದರೆ ಎರಡು ಸೇರು ಕಾಳು ಉಳಿಯುತ್ತದೆ. ಮೊದಲು ದಿನಕ್ಕೆ ಇಪ್ಪತ್ತು ಚಮಚ ನೋಡುತ್ತಿದ್ದರು, ಈಗ ಆರು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಉಳಿದದ್ದನ್ನು ಉಳಿಸಲು ಹನಿ ಔಷಧಿ ಹಾಕುತ್ತಾರೆ. ಎಡಗಣ್ಣಿನಲ್ಲಿ ಈಗ ತಟ್ಟೆಯ ನಡುಭಾಗ ಮಾತ್ರ ಕಾಣುತ್ತದೆ, ಆದ್ದರಿಂದ ಕಣ್ಣಿನ ಬದಲು ತಟ್ಟೆಯನ್ನೇ ತಿರುಗಿಸುತ್ತಾರೆ. ಹನ್ನೊಂದು ಚೀಲ ಮುಗಿದಿದೆ. ಸಿಕ್ಕಿದ್ದು ಮೂವತ್ತೊಂದು ಮೀನಿನ ಹಲ್ಲು, ಮೊಸಳೆ ಹಲ್ಲಿನ ಒಂದು ತುದಿ. ಎಸೆದದ್ದರಲ್ಲಿ ಒಂದಿಷ್ಟು ಇಲ್ಲೇ ಇದೆ ಎಂಬುದಕ್ಕೆ ಅಷ್ಟು ಸಾಕ್ಷಿ. ಬೇಕಾದದ್ದು ಸಿಕ್ಕಿಲ್ಲ. ಕೊನೆಯ ಚೀಲದಲ್ಲಿ ಉಳಿದಿರುವುದು ನಲವತ್ತು ಚಮಚ. ಅದು ಮುಗಿದ ಮೇಲೆ ಉಳಿಯುವುದು ಗುಂಡಿ ದಾಟಿದ ಮಣ್ಣು ಹೋಗಿ ಸೇರುವ ಕೆಳಗಿನ ಹಳ್ಳ, ಮತ್ತು ಹಳ್ಳದ ಮಣ್ಣನ್ನು ಯಾರೂ ತೊಳೆದು ಮುಗಿಸಲಾರರು.

ಅರ್ಚನಾ ಇವತ್ತು ಬಂದಿದ್ದಾರೆ, ತಾವು ಬರೆದ ಲೇಖನದ ಕರಡು ಹಿಡಿದುಕೊಂಡು. ಹಲ್ಲಿನ ಬಗ್ಗೆ ಇರುವ ಸಾಲನ್ನು ಕನ್ನಡ ಮಾಡಿ ಓದುತ್ತಾರೆ: "ಹಲ್ಲಿನ ಮೇಲ್ಭಾಗ ದೊರೆತಿಲ್ಲ."

ಪ್ರೇಮಕುಮಾರಿ ಕುಂಚ ಕೆಳಗಿಡುತ್ತಾರೆ. ಬೆಳಗಿನಿಂದ ಅವರು ಕುಂಚ ಕೆಳಗಿಟ್ಟದ್ದು ಇದೇ ಮೊದಲು.

"ಅದು ಸುಳ್ಳಲ್ವಾ ಮೇಡಂ? ದೊರೆತಿತ್ತು. ನನ್ನ ಕೈಗೇ ಬಂದಿತ್ತು. ನಾನು ಎಸೆದೆ ಅಂತ ಬರೀರಿ, ಹೆಸರು ಹಾಕಿ."

ಅರ್ಚನಾಗೆ ಕಸಿವಿಸಿ. "ಇಷ್ಟೆಲ್ಲ ಆರಿಸಿಕೊಟ್ಟಿದ್ದೀರಿ, ಅದಕ್ಕೆ ನಿಮ್ಮ ಹೆಸರು ಹಾಕಿದ್ದೀನಿ ಅಕ್ಕ. ತಪ್ಪಿಗೂ ಯಾಕೆ ಹಾಕ್ಬೇಕು?"

ಪ್ರೇಮಕುಮಾರಿ ಅವರಿದ್ದ ಕಡೆಗೆ ಪೂರ್ತಿ ತಿರುಗುತ್ತಾರೆ. ಮುಖ ಕಾಣಬೇಕಾದರೆ ಈಗ ಹಾಗೆ ತಿರುಗಲೇಬೇಕು.

"ದೊರೆತಿಲ್ಲ ಅಂತ ಬರೆದ್ರೆ ಆಯ್ತಲ್ಲ, ಯಾರೂ ಹುಡುಕಲ್ಲ. ಮಲ್ಲಂದೂರಿನ ಪ್ರೇಮಕುಮಾರಿ ಹಿತ್ತಲಿಗೆ ಎಸೆದ್ಲು ಅಂತ ಬರೆದ್ರೆ, ನಾನಿಲ್ದಿದ್ರೂ ಕಣ್ಣಿರೋರು ಯಾರಾದ್ರೂ ಇಲ್ಲಿಗೇ ಬರ್ತಾರೆ."