ದೊಡ್ಡ ಮೈಗೂ ನೋವಾಗುತ್ತದೆ

ವಿನೂ, ಮೊಣಕಾಲು ನೋಯುತ್ತಿದೆ ಎಂದು ಅವತ್ತು ನೀನು ನನಗೆ ಹೇಳಿದ್ದೆ. ಹೇಳಿರಲಿಲ್ಲ ಎಂದು ನಿನ್ನ ಅಮ್ಮನ ಮುಂದೆ ಸುಳ್ಳಾಡಿದವನು ನಾನು — ನಿನ್ನ ಸೋದರಮಾವ, ಜನರ ಕೀಲುನೋವಿಗೆ ಚಿಕಿತ್ಸೆ ಕೊಟ್ಟು ಹೊಟ್ಟೆ ಹೊರೆಯುವ ಫಿಸಿಯೋಥೆರಪಿಸ್ಟ್.

ಆರು ವರ್ಷ ಈ ಸುಳ್ಳಿನ ಭಾರ ಹೊತ್ತೆ ಎಂದರೆ ಅದೂ ಸುಳ್ಳೇ. ಹೊತ್ತವನು ನೀನು. ನಾನು ಓಕ್‌ವಿಲ್‌ನ ಕ್ಲಿನಿಕ್ಕಿಗೆ ಹೋಗಿ ಬಂದು ಮಾಡಿಕೊಂಡು ಆರಾಮಾಗಿದ್ದೆ.

ಆಗ ನಿನಗೆ ಹದಿನಾರು. ನಿನ್ನ ಎತ್ತರ, ತೂಕ ನೋಡಿದವರು ಯಾರೂ ನಿನ್ನನ್ನು ಹುಡುಗ ಎಂದುಕೊಳ್ಳುತ್ತಿರಲಿಲ್ಲ. ಎರಿನ್ ಮಿಲ್ಸ್‌ನ ನಿಮ್ಮ ಮನೆಗೆ ಬಂದ, ಈ ಪರದೇಶದಲ್ಲಿ ನೆಲೆಸಿದ ಹುಬ್ಬಳ್ಳಿ ಕಡೆಯವರೆಲ್ಲ ನಿನ್ನ ಭುಜ ಹಿಸುಕಿ ‘ಪೈಲ್ವಾನ’ ಎನ್ನುತ್ತಿದ್ದರು. ಅಮೆರಿಕನ್ ಫುಟ್‌ಬಾಲ್ ಟೀಮಿನ ಕೋಚ್ ಅಂತೂ, ಎದುರಾಳಿಗಳನ್ನು ಮೈಯಿಂದಲೇ ತಡೆಯುವ ಮುಂದಿನ ಸಾಲಿನಲ್ಲಿ ನಿನ್ನನ್ನು ನಿಲ್ಲಿಸಿ, ಇವನು ಗೋಡೆ ಎಂದು ಎಲ್ಲರಿಗೂ ತೋರಿಸುತ್ತಿದ್ದ. ಗೋಡೆಗೆ ಮೊಣಕಾಲಿರುವುದಿಲ್ಲವಲ್ಲ! ಆ ಟೀಮಿಗೆ ನಾನು ವಾಲಂಟಿಯರ್. ಹುಡುಗರ ಕಾಲಿಗೆ ಪಟ್ಟಿ ಸುತ್ತುವುದು, ಪೆಟ್ಟಾದರೆ ನೋಡುವುದು ನನ್ನ ಕೆಲಸ.

ಎಟೋಬಿಕೋಕ್‌ನಲ್ಲಿ ಅವತ್ತಿನ ಮ್ಯಾಚು. ಚೆಂಡು ಹಿಡಿಯಲು ಓಡಿದ ತೆಳ್ಳನೆಯ ಹುಡುಗನೊಬ್ಬ ಬಿದ್ದ. ಕೋಚ್ ಓಡಿದ, ತಂದೆತಾಯಂದಿರು ಓಡಿದರು, ನಾನೂ ಓಡಿದೆ. ನೋಡಿದರೆ ಬರೀ ಸ್ನಾಯು ಹಿಡಿದುಕೊಂಡಿತ್ತು. ಆದರೂ ಅವನಿಗೆ ಐಸು, ನೀರು, ಬೆನ್ನು ಸವರಲು ಎಷ್ಟೊಂದು ಕೈಗಳು! ಅದೇ ಹೊತ್ತಿಗೆ ನೀನು ಕುಂಟುತ್ತ ನನ್ನ ಹತ್ತಿರ ಬಂದೆ.

“ಮಾಮಾ, ವಿಯರ್ಡ್ ಅನಸ್ಲಿಕತ್ತದ... ಮೊಣಕಾಲ ಒಂಥರಾ ಜಾರಿದಂಗ.”

ನಾನು ಬಗ್ಗಲಿಲ್ಲ. ಮುಟ್ಟಿಯೂ ನೋಡಲಿಲ್ಲ.

“ಇಷ್ಟ ದೊಡ್ಡ ಮೈ ಅದ, ನಿನಗೇನಾಗ್ತದೋ? ಹೋಗು, ಆಡು.”

ನೀನು ಒಮ್ಮೆ ನನ್ನ ಮುಖ ನೋಡಿದೆ. ಹೆಲ್ಮೆಟ್ ಹಾಕಿಕೊಂಡು ಹೋದೆ. ಸ್ವಲ್ಪ ಹೊತ್ತಿಗೆ ಇಬ್ಬರು ನಿನ್ನ ಮೇಲೆ ಬಿದ್ದರು, ಅಡಿಯಲ್ಲಿ ನಿನ್ನ ಕಾಲು ತಿರುಚಿಕೊಂಡಿತು. ನೀನು ಕೂಗಿದ ಆ ಕೂಗು —

ಯಾರು ಕಲಿಸಿದರು ನಮಗೆ ಇದನ್ನು? ಸಣ್ಣ ಮೈ ಮುರಿಯುತ್ತದೆ, ದೊಡ್ಡ ಮೈ ತಾಳುತ್ತದೆ — ಎಂಥ ಮೂರ್ಖತನ! ಡಿಕ್ಕಿ ಹೊಡೆದರೆ ಹಗುರದವನು ದೂರ ಹೋಗಿ ಬೀಳಬಹುದು, ನಿಜ. ಆದರೆ ತೂಕದವನು ಓಡಿ, ಗಕ್ಕನೆ ನಿಂತು, ತಿರುಗಿದಾಗಲೆಲ್ಲ ಆ ತೂಕವನ್ನು ಹೊರುವುದು ಅವನದೇ ಮೊಣಕಾಲು. ಇದು ನನಗೆ ಗೊತ್ತಿಲ್ಲದ್ದೇ? ಇದನ್ನೇ ಓದಿ ಪಾಸಾದವನು, ಇದನ್ನೇ ದಿನವೂ ಪೇಶೆಂಟುಗಳಿಗೆ ಹೇಳುವವನು! ಯಾರಿಗೆ ಎಷ್ಟು ಪೆಟ್ಟಾಗಿದೆ ಎಂದು ಮೈಯ ಅಳತೆ ಹೇಳುವುದಿಲ್ಲ. ಕೇಳಬೇಕು, ಮುಟ್ಟಿ ನೋಡಬೇಕು. ನೀನೇ ಬಂದು ಹೇಳಿದರೂ ನಾನು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಕೇಳಿದಳು: “ಸಂಜು, ಇವ ಮೊದಲ ನೋವು ಅಂತ ನಿನಗ ಹೇಳಿದ್ನೇನು?”

“ಇಲ್ಲಕ್ಕಾ. ಹೇಳಿದ್ರ ನಾ ಆಡ್ಲಿಕ್ಕೆ ಬಿಡ್ತಿದ್ನೇನು?”

ಮಂಚದ ಮೇಲೆ ನೀನು ಎಚ್ಚರವಾಗೇ ಇದ್ದೆ. ಕಣ್ಣು ಮುಚ್ಚಿಕೊಂಡೆ, ಅಷ್ಟೇ. ಆಮೇಲೆ ಎರಡು ಆಪರೇಶನ್. ಆಟ ಹೋಯಿತು, ಓಟ ಹೋಯಿತು. ಮೆಟ್ಟಿಲಿಳಿಯುವಾಗ ನೀನು ನಿಂತರೆ ಸಾಕು, ನಿನ್ನ ಅಪ್ಪ ಶುರು ಮಾಡುತ್ತಿದ್ದರು: “ಬಾಯಿ ಇರ್ಲಿಲ್ಲೇನು ನಿನಗ? ಮಾಮಾ ಅಲ್ಲೇ ಇದ್ದನಲ್ಲ!” ಆ ಮಾಮಾ ಪಕ್ಕದ ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನೀನು ಒಂದು ಸಲವೂ ಬಾಯಿ ಬಿಡಲಿಲ್ಲ — ಯಾಕೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹೋದ ಭಾನುವಾರ ನಿಮ್ಮ ಮನೆಗೆ ಊಟಕ್ಕೆ ಬಂದ ಬೆಳಗಾವಿಯ ಹೆಂಗಸೊಬ್ಬಳು, ತನ್ನ ದಪ್ಪನೆಯ ಮಗನನ್ನು ಇದೇ ಆಟಕ್ಕೆ ಸೇರಿಸಬಹುದೇ ಎಂದು ಕೇಳಿದಳು.

“ಸೇರಸ್ರಿ, ಮೈ ಗಟ್ಟಿ ಅದ, ಏನೂ ಆಗಂಗಿಲ್ಲ,” ಎಂದರು ನಿನ್ನ ಅಪ್ಪ. “ನಮ್ಮವನಂಗ ನೋವು ಮುಚ್ಚಿಡಬಾರದು, ಅಷ್ಟ.”

ನನಗೆ ತಡೆಯಲಾಗಲಿಲ್ಲ. “ಅವ ಮುಚ್ಚಿಡಲಿಲ್ಲ! ನನಗ ಹೇಳಿದ್ದ. ಆಡು ಅಂತ ಕಳಿಸಿದವ ನಾನ.”

ಬಡಿಸುತ್ತಿದ್ದ ಅಕ್ಕ ಸೌಟು ಕೆಳಗಿಟ್ಟಳು. “ಆರು ವರ್ಷ ನಮ್ಮ ಕೈಲೆ ಅವನ್ನ ಬೈಸಿದೆಲ್ಲೋ,” ಎಂದಳು. ನಾನು ಎದ್ದು ಬಂದೆ.

ಆಗ ನೀನು ಕೆಲಸದ ಶಿಫ್ಟಿಗೆ ಹೋಗಿದ್ದೆ. ಎಲ್ಲರಿಗಿಂತ ಮೊದಲು ನಿನಗೆ ಹೇಳಬೇಕಾಗಿತ್ತು. ಅಲ್ಲೂ ನಾನು ತಪ್ಪಿದೆ.

ಕೋಚ್‌ನನ್ನೂ ಕಂಡು ಹೇಳಿದೆ. ಅವನು ನಕ್ಕ: “ಓಲ್ಡ್ ಸ್ಟೋರಿ, ಮ್ಯಾನ್. ಲೆಟ್ ಇಟ್ ಗೋ.” ಯಾರಿಗೆ ಹಳೆಯದು? ಈ ಶನಿವಾರ ಹೊಸ ಹುಡುಗರ ತಂದೆತಾಯಂದಿರು ಮೈದಾನಕ್ಕೆ ಬರುತ್ತಾರೆ. ಅವರ ಮುಂದೆ ನಿಂತು, ನಾನು ಏನು ಮಾಡಿದೆ, ಏನು ಸುಳ್ಳಾಡಿದೆ ಎಂದು ಹೇಳುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ. ನನ್ನ ಹೆಸರು ಹೇಳಿಯೇ ಹೇಳುತ್ತೇನೆ. ನೀನು ಬರಬೇಕಾಗಿಲ್ಲ, ವಿನೂ. ಕ್ಷಮಿಸಬೇಕಾಗಿಯೂ ಇಲ್ಲ.